ತೀರಿಕೊಂಡವರ ದನಿ, ಎಐ ಬಾಯಿ: ಶುರು ಮಾಡುವ ಮುಂಚೆ ಓದಿಕೊಳ್ಳಿ

ಅಪ್ಪ ಹೋಗಿ ಇಪ್ಪತ್ತು ದಿನ ಆಗಿತ್ತು. ರಾತ್ರಿ ಹನ್ನೊಂದರ ಹೊತ್ತಿಗೆ ತಂಗಿ ಬೆಂಗಳೂರಿನಿಂದ ಒಂದು ಸ್ಕ್ರೀನ್‌ಶಾಟ್ ಕಳಿಸಿದಳು. ಅಪ್ಪನ ಜೊತೆಗಿನ ಆರು ವರ್ಷದ ವಾಟ್ಸಾಪ್ ಚಾಟನ್ನು ಒಂದು ಎಐ ಚಾಟ್‌ಬಾಟ್‌ಗೆ ಕೊಟ್ಟು, ಇನ್ನು ಮುಂದೆ ನೀನು ನಮ್ಮಪ್ಪನ ಹಾಗೆ ಮಾತಾಡು ಅಂದಿದ್ದಳಂತೆ. ಅದು ಬರೆದಿತ್ತು: "ಪ್ರಿಯ ಮಗಳೇ, ನಿನ್ನ ದಿನ ಹೇಗಿತ್ತು? ನಾನು ಸದಾ ನಿನ್ನೊಂದಿಗಿದ್ದೇನೆ."

ನಮ್ಮಪ್ಪ ಜನ್ಮದಲ್ಲಿ ಯಾರನ್ನೂ 'ಪ್ರಿಯ' ಅಂದವರಲ್ಲ. ತೀರ್ಥಹಳ್ಳಿ ಕಡೆ ಅಡಿಕೆ ಬೆಳೆದವರು. ಫೋನ್ ಮಾಡಿದರೆ ಮೊದಲ ಮಾತು "ಅಲ್ಲಿ ಮಳೆ ಹ್ಯಾಗಿದೆ?", ಎರಡನೆಯದು "ಸರಿ, ಇಡ್ತೀನಿ." ಇಷ್ಟೇ. ಸ್ಕ್ರೀನ್‌ಶಾಟ್ ನೋಡಿ ನಾನು ನಕ್ಕೆ. ಅವಳೂ ನಕ್ಕಳು. ಆಮೇಲೆ ಇಬ್ಬರೂ ಫೋನ್ ಹಿಡಿದುಕೊಂಡು ಸುಮ್ಮನೆ ಕೂತೆವು.

ಇದನ್ನು ಮಾಡಲೇಬೇಡಿ ಅಂತ ಹೇಳುವುದಕ್ಕೆ ನಾನು ಬರೆಯುತ್ತಿಲ್ಲ. ದುಃಖದಲ್ಲಿರುವವರಿಗೆ ಬುದ್ಧಿ ಹೇಳುವವರು ಮನೆ ತುಂಬ ಇರುತ್ತಾರೆ. ತಂಗಿಯ ಈ ಪ್ರಯೋಗವನ್ನು ಹತ್ತಿರದಿಂದ ನೋಡಿದೆ, ಮುಂದೆ ಅದನ್ನು ತಿದ್ದುವುದರಲ್ಲಿ ನಾನೂ ಕೈಹಾಕಿದೆ. ಯಾವುದನ್ನು ಮೊದಲು ಮಾಡಬೇಕಿತ್ತು, ಎಲ್ಲಿ ನಿಲ್ಲಬೇಕಿತ್ತು ಅಂತ ಈಗ ಗೊತ್ತಾಗಿದೆ. ಅದೇ ಕ್ರಮದಲ್ಲಿ ಹೇಳುತ್ತೇನೆ.

1. ಮೊದಲು ಅಸಲಿಯನ್ನು ಉಳಿಸಿ

ಬಾಟ್ ವಿಷಯ ಆಮೇಲೆ ನೋಡೋಣ. ಮೊದಲ ಹದಿಮೂರು ದಿನ ಅದರ ಗೋಜಿಗೇ ಹೋಗಬೇಡಿ. ಆದರೆ ಒಂದು ಕೆಲಸ ಮಾತ್ರ ತಡ ಮಾಡಬಾರದು: ತೀರಿಕೊಂಡವರ ಫೋನನ್ನು ಯಾರಿಗೂ ಕೊಡಬೇಡಿ, ರೀಸೆಟ್ ಮಾಡಿಸಬೇಡಿ. 'ಸುಮ್ನೆ ಇಟ್ಕೊಂಡು ಏನ್ ಮಾಡ್ತೀರಿ, ಹುಡುಗನಿಗೆ ಆನ್‌ಲೈನ್ ಕ್ಲಾಸಿಗಾದ್ರೂ ಆಗತ್ತೆ' ಅನ್ನುವ ನೆಂಟರು ಎಲ್ಲ ಮನೆಯಲ್ಲೂ ಇರುತ್ತಾರೆ. ಒಂದು ವರ್ಷ ಆಗಲ್ಲ ಅಂದುಬಿಡಿ. ಲಾಕ್ ಗೊತ್ತಿಲ್ಲದಿದ್ದರೆ ಊಹೆ ಮಾಡಿ ಮಾಡಿ ಒತ್ತಬೇಡಿ, ಕೆಲವು ಫೋನ್‌ಗಳು ತಪ್ಪು ಜಾಸ್ತಿಯಾದರೆ ಒಳಗಿರುವುದನ್ನೆಲ್ಲ ಅಳಿಸಿಬಿಡುತ್ತವೆ.

ಸಿಮ್‌ಗೆ ಕಡಿಮೆ ದುಡ್ಡಿನ ಒಂದು ರೀಚಾರ್ಜ್ ಹಾಕುತ್ತಿರಿ. ಬ್ಯಾಂಕ್, ಗ್ಯಾಸ್, ಪಿಂಚಣಿ ಕೆಲಸಗಳಿಗೆ ಓಟಿಪಿ ಬರುವುದು ಆ ನಂಬರಿಗೇ. ಅದಲ್ಲದೆ ಇನ್ನೊಂದು ಕಾರಣವೂ ಇದೆ. ರೀಚಾರ್ಜೂ ಇಲ್ಲ, ಬಳಕೆಯೂ ಇಲ್ಲ ಅಂದರೆ ಕೆಲವು ತಿಂಗಳಲ್ಲಿ ನಂಬರ್ ಕಡಿತವಾಗಿ, ಮುಂದೆ ಬೇರೆ ಯಾರಿಗೋ ಹೋಗುತ್ತದೆ. ವಾಟ್ಸಾಪ್ ಕೂಡ 120 ದಿನ ಬಳಸದ ಖಾತೆಯನ್ನು ಸಾಮಾನ್ಯವಾಗಿ ತೆಗೆದುಹಾಕುತ್ತದೆ. ಆಮೇಲೊಂದು ದಿನ 'ಅಪ್ಪ' ಅನ್ನುವ ಹೆಸರಿನ ಪಕ್ಕ ಗೊತ್ತೇ ಇಲ್ಲದ ಹುಡುಗನ ಫೋಟೊ ಕಾಣಿಸುತ್ತದೆ. ನನ್ನ ಸ್ನೇಹಿತನಿಗೆ ಹಾಗೆ ಆಯಿತು. ಎರಡು ದಿನ ಅವನಿಗೆ ಊಟ ಸೇರಲಿಲ್ಲ.

ಇನ್ನು ಚಾಟ್. ಅದಕ್ಕೆ ಅವರ ಫೋನೇ ಬೇಕಿಲ್ಲ, ನಿಮ್ಮ ಫೋನಿನಲ್ಲೂ ಅದೇ ಮಾತುಕತೆ ಇದೆ. ಆಂಡ್ರಾಯ್ಡ್ ಫೋನಾದರೆ ಚಾಟ್ ತೆರೆದು, ಮೇಲಿನ ಮೂರು ಚುಕ್ಕೆ ಒತ್ತಿ, 'ಮೋರ್', ಆಮೇಲೆ 'ಎಕ್ಸ್‌ಪೋರ್ಟ್ ಚಾಟ್'. ಮನೆಯ ಪ್ರತಿಯೊಬ್ಬರೂ ತಮ್ಮ ತಮ್ಮ ಫೋನಿನಿಂದ ಇದನ್ನು ಮಾಡಲಿ. ಅಪ್ಪ ಮಗಳಿಗೆ ಬರೆದ ಹಾಗೆ ಮಗನಿಗೆ ಬರೆದಿರುವುದಿಲ್ಲ. ಎಕ್ಸ್‌ಪೋರ್ಟ್‌ಗೆ ಮಿತಿ ಇದೆ, ತುಂಬ ಹಳೆಯದು ಬರದೆ ಹೋಗಬಹುದು. ವಾಯ್ಸ್ ನೋಟ್‌ಗಳನ್ನು ಬೇರೆಯಾಗಿ ತೆಗೆದಿಡಿ. ಆಂಡ್ರಾಯ್ಡ್‌ನಲ್ಲಿ ವಾಟ್ಸಾಪ್ ಫೋಲ್ಡರ್ ಒಳಗೆ 'ವಾಯ್ಸ್ ನೋಟ್ಸ್' ಅಂತಲೇ ಒಂದು ಫೋಲ್ಡರ್ ಇರುತ್ತದೆ, ಅದನ್ನು ಇಡಿಯಾಗಿ ನಕಲು ಮಾಡಿ. ಒಂದು ಪ್ರತಿ ಪೆನ್‌ಡ್ರೈವ್‌ನಲ್ಲಿ, ಇನ್ನೊಂದು ಪ್ರತಿ ಬೇರೆ ಊರಿನಲ್ಲಿರುವ ಅಣ್ಣನೋ ಅಕ್ಕನೋ ಇರುವ ಮನೆಯಲ್ಲಿ.

ಕಡತದ ಹೆಸರು ಬರೀ ಅಂಕಿಗಳಲ್ಲಿರುತ್ತದೆ. ಒಂದು ಭಾನುವಾರ ಕೂತು ಹೆಸರಿಡಿ: 'ಅಪ್ಪ, ಬೋರ್‌ವೆಲ್ ಮೋಟಾರ್ ಬಗ್ಗೆ', 'ಅಪ್ಪ, ಪಾಪುಗೆ ಹುಟ್ಟುಹಬ್ಬ'. ಈ ಕೆಲಸ ಬೇಜಾರು ಅನ್ನಿಸಬಹುದು. ಹಾಗಲ್ಲ. ನಮಗೆ ಆ ಭಾನುವಾರ ಹೋದ ಹಾಗೆ ಬೇರೆ ಯಾವ ದಿನವೂ ಹೋಗಲಿಲ್ಲ. 14 ಸೆಕೆಂಡಿನ ಒಂದು ನೋಟಿನಲ್ಲಿ ಅಪ್ಪ ಬರೀ "ಹಲೋ? ಹಲೋ? ಇದು ಒತ್ತಿದ್ರೆ ಆಗುತ್ತೋ ಇಲ್ವೋ" ಅಂದಿದ್ದರು.

2. ಆ ಪೆಟ್ಟಿಗೆಯೊಳಗೆ ಯಾರೂ ಇಲ್ಲ, ಅದು ಹೇಗೆ ಮಾತಾಡುತ್ತದೆ ತಿಳಿದುಕೊಳ್ಳಿ

ಸುದ್ದಿಗಳಲ್ಲಿ 'ಸತ್ತವರು ಎದ್ದು ಬಂದರು' ಅಂತ ಬರುತ್ತದೆ. ಬರುವುದಿಲ್ಲ. ಭಾಷೆಯ ಎಐ ಕೋಟ್ಯಂತರ ಬರಹ ಓದಿ, ಒಂದು ಮಾತಿನ ನಂತರ ಯಾವ ಮಾತು ಬರಬಹುದು ಅಂತ ಅಂದಾಜು ಮಾಡುವುದನ್ನು ಕಲಿತಿರುತ್ತದೆ. ನೀವು ಕೊಡುವ ಚಾಟ್ ಅದಕ್ಕೆ ಧಾಟಿ ತೋರಿಸುವ ಮಾದರಿ ಮಾತ್ರ. ಅಪ್ಪನ ನಾಲ್ಕು ಸಾವಿರ ಸಾಲು ಒಂದು ಕಡೆ, ಜಗತ್ತಿನ ಎಲ್ಲ ಅಪ್ಪಂದಿರ ಬಗ್ಗೆ ಬರೆದ ಬರಹ ಇನ್ನೊಂದು ಕಡೆ. ಯಾವುದರ ತೂಕ ಜಾಸ್ತಿ ಅಂತ 'ಪ್ರಿಯ ಮಗಳೇ' ನೋಡಿದರೆ ಗೊತ್ತಾಗುತ್ತದೆ ಅಲ್ವಾ.

ಕನ್ನಡದವರಿಗೆ ಇದರಲ್ಲಿ ಇನ್ನೊಂದು ತೊಡಕು. ನಾವು ಚಾಟ್ ಮಾಡುವುದು ಅರ್ಧ ಇಂಗ್ಲಿಷ್ ಅಕ್ಷರದಲ್ಲಿ, ಅರ್ಧ ಕನ್ನಡದಲ್ಲಿ, ಉಳಿದದ್ದು ಹೆಬ್ಬೆರಳಿನ ಚಿತ್ರದಲ್ಲಿ. ಎಐ ಓದಿರುವ ಕನ್ನಡ ಹೆಚ್ಚಾಗಿ ಪುಸ್ತಕದ್ದು, ಪತ್ರಿಕೆಯದ್ದು. ಹಾಗಾಗಿ ಧಾರವಾಡದ ಅವ್ವ, ಕುಂದಾಪುರದ ಅಮ್ಮ, ಮಂಡ್ಯದ ಅಜ್ಜಿ ಎಲ್ಲರೂ ವಾರ್ತೆ ಓದುವವರ ಹಾಗೆ ಮಾತಾಡಲು ಶುರು ಮಾಡುತ್ತಾರೆ. ಮಗನನ್ನು 'ನೀವು' ಅನ್ನುತ್ತಾರೆ. ಇದು ಒಂದು ಲೆಕ್ಕಕ್ಕೆ ಒಳ್ಳೆಯದೇ ಅಂತ ನನಗೆ ಅನ್ನಿಸಿದ್ದುಂಟು. ಮೋಸ ಹೋಗುವುದು ಸ್ವಲ್ಪ ಕಷ್ಟವಾಗುತ್ತದೆ.

ಇದನ್ನು ಮೊದಲು ಮಾಡಿದವರ ಕಥೆಗಳಿಂದಲೂ ಒಂದಿಷ್ಟು ಕಲಿಯುವುದಿದೆ. ರೋಮನ್ ಮಜುರೆಂಕೊ ಎಂಬ ಯುವಕ 2015ರ ನವೆಂಬರ್‌ನಲ್ಲಿ ಮಾಸ್ಕೋದಲ್ಲಿ ಕಾರು ಡಿಕ್ಕಿ ಹೊಡೆದು ಸತ್ತ. ಅವನ ಗೆಳತಿ ಯುಜೀನಿಯಾ ಕುಯ್ಡಾ ಅವನ ಹಳೆಯ ಮೆಸೇಜುಗಳನ್ನು ಸ್ನೇಹಿತರಿಂದಲೂ ಕೂಡಿಸಿ 2016ರಲ್ಲಿ ಒಂದು ಬಾಟ್ ಮಾಡಿದರು. ಎಐ ಜೊತೆ ಸ್ನೇಹಿತರ ಹಾಗೆ ಮಾತಾಡುವ ರೆಪ್ಲಿಕಾ ಎಂಬ ಆ್ಯಪ್‌ನ ಬೇರು ಅಲ್ಲಿದೆ. ರೋಮನ್‌ನನ್ನು ಯಾರೂ ಕೇಳಿರಲಿಲ್ಲ, ಕೇಳುವ ಹಾಗೂ ಇರಲಿಲ್ಲ.

ಅಮೆರಿಕದ ಪತ್ರಕರ್ತ ಜೇಮ್ಸ್ ವ್ಲಾಹೋಸ್ ಮಾಡಿದ್ದು ಇದಕ್ಕೆ ತಿರುಗುಮುರುಗು. ಅವರ ತಂದೆಗೆ ಶ್ವಾಸಕೋಶದ ಕ್ಯಾನ್ಸರ್ ಅಂತ ಗೊತ್ತಾದ ಮೇಲೆ, ತಂದೆಯನ್ನೇ ಕೂರಿಸಿಕೊಂಡು ಬಾಲ್ಯದ ಕಥೆ, ಹಾಡು, ಜೋಕು ಎಲ್ಲ ರೆಕಾರ್ಡ್ ಮಾಡಿದರು. ಬರೆದಿಟ್ಟಾಗ ಅದು ಸುಮಾರು 92 ಸಾವಿರ ಪದ ಆಯಿತು. ತಂದೆ 2017ರಲ್ಲಿ ತೀರಿಕೊಂಡರು, ಆದರೆ ಅದಕ್ಕೆ ಮುಂಚೆ ತಮ್ಮ ಬಾಟನ್ನು ತಾವೇ ನೋಡಿದ್ದರು. ಈ ಎರಡರಲ್ಲಿ ನನ್ನ ಮನಸ್ಸು ಎರಡನೆಯದರ ಕಡೆ.

ದಕ್ಷಿಣ ಕೊರಿಯಾದ ಎಂಬಿಸಿ ವಾಹಿನಿ 2020ರಲ್ಲಿ, ಏಳು ವರ್ಷಕ್ಕೆ ತೀರಿಕೊಂಡ ಮಗಳನ್ನು ಕೃತಕ ಲೋಕವನ್ನು ಕಣ್ಣಮುಂದೆ ತರುವ ವಿಆರ್ ಕನ್ನಡಕದೊಳಗೆ ತಾಯಿಗೆ ತೋರಿಸಿತು. ತಾಯಿ ಗಾಳಿಯಲ್ಲಿ ಕೈ ಚಾಚಿ ಅಳುವುದನ್ನು ಜಗತ್ತೆಲ್ಲ ನೋಡಿತು. ಅದರ ಬಗ್ಗೆ ತೀರ್ಪು ಕೊಡಲು ನನಗೆ ಧೈರ್ಯವಿಲ್ಲ. ಕ್ಯಾಮೆರಾ ಮಾತ್ರ ಬೇಡವಾಗಿತ್ತು.

ನಮ್ಮ ನೆಲದಲ್ಲೂ ಈ ಆಸೆ ಹೊಸದಲ್ಲ. 2020ರ ಆಗಸ್ಟ್‌ನಲ್ಲಿ ಕೊಪ್ಪಳದ ಉದ್ಯಮಿಯೊಬ್ಬರು ಗೃಹಪ್ರವೇಶಕ್ಕೆ, ಅಪಘಾತದಲ್ಲಿ ಹೋದ ಹೆಂಡತಿಯ ಸಿಲಿಕಾನ್ ಪ್ರತಿಮೆ ಮಾಡಿಸಿ ಸೋಫಾ ಮೇಲೆ ಕೂರಿಸಿದ್ದು ನೆನಪಿರಬೇಕು. ಆ ಮನೆ ಆಕೆಯ ಕನಸಾಗಿತ್ತಂತೆ. ತುಳುನಾಡಿನಲ್ಲಿ ಆಟಿ ತಿಂಗಳಲ್ಲಿ, ಚಿಕ್ಕಂದಿನಲ್ಲೇ ಸತ್ತ ಮಕ್ಕಳಿಗೆ ಪ್ರೇತ ಮದುವೆ ಮಾಡುತ್ತಾರೆ. ಹೋದವರನ್ನು ಮನೆಯವರ ಲೆಕ್ಕದಲ್ಲಿ ಇಟ್ಟುಕೊಳ್ಳುವುದು ನಮಗೆ ಗೊತ್ತಿರುವ ಕೆಲಸವೇ. ಆದರೆ ಪ್ರತಿಮೆಯೂ, ಮದುವೆಯೂ ತಿರುಗಿ ಉತ್ತರ ಕೊಡುವುದಿಲ್ಲ. ಎಐ ಕೊಡುತ್ತದೆ. ತೊಡಕು ಇರುವುದು ಆ ಉತ್ತರದಲ್ಲಿ.

3. ಮನೆಯವರನ್ನು ಕೇಳಿ, ಇಲ್ಲ ಅಂದವರ ಮಾತಿಗೆ ಹೆಚ್ಚು ಬೆಲೆ ಕೊಡಿ

ತಂಗಿ ಯಾರನ್ನೂ ಕೇಳಿರಲಿಲ್ಲ. ನಾನು ಕೇಳಿದ್ದಕ್ಕೆ "ಅಣ್ಣಾ, ಇದು ನನ್ನ ಚಾಟ್ ಅಲ್ವಾ?" ಅಂದಳು. ಅವಳದ್ದೂ ಹೌದು, ಅಪ್ಪನದ್ದೂ ಹೌದು. ಅದರಲ್ಲಿ ಚಿಕ್ಕಪ್ಪನ ಸಾಲದ ವಿಷಯವಿದೆ, ಅಮ್ಮನ ಆರೋಗ್ಯದ ವಿಷಯವಿದೆ. ಅವರೆಲ್ಲ ಬದುಕಿದ್ದಾರೆ.

ಸಿನಿಮಾದವರಿಗೂ ಇದೇ ಪ್ರಶ್ನೆ ಎದುರಾಗಿದೆ. ಎ.ಆರ್. ರೆಹಮಾನ್ 2024ರಲ್ಲಿ ತಮಿಳಿನ 'ಲಾಲ್ ಸಲಾಂ' ಚಿತ್ರದ ಹಾಡಿಗೆ ತೀರಿಕೊಂಡ ಗಾಯಕರಾದ ಬಂಬಾ ಬಾಕ್ಯಾ ಮತ್ತು ಶಾಹುಲ್ ಹಮೀದ್ ಅವರ ದನಿಯನ್ನು ಎಐ ಮೂಲಕ ತಂದರು. ಮನೆಯವರ ಒಪ್ಪಿಗೆ ಪಡೆದು, ಸಂಭಾವನೆಯನ್ನೂ ಕೊಟ್ಟಿದ್ದೇವೆ ಅಂತ ಹೇಳಿದರು. ಅದೇ ವರ್ಷ, ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ದನಿಯನ್ನು ಕೇಳದೆ ಬಳಸಿದ್ದಕ್ಕೆ ಮಗ ಎಸ್.ಪಿ. ಚರಣ್ ತೆಲುಗು ಚಿತ್ರತಂಡವೊಂದಕ್ಕೆ ಲೀಗಲ್ ನೋಟಿಸ್ ಕಳಿಸಿದರು. ಎಸ್‌ಪಿಬಿ ಹಾಡು ಕೇಳಿಯೇ ಬೆಳೆದ ನಮಗೆ ಚರಣ್ ಅವರ ಸಿಟ್ಟು ಅರ್ಥವಾಗದೆ ಇರುತ್ತದಾ?

ಕೇಳುವುದು ಹೇಗೆ? ಫೋನಿನಲ್ಲಿ ಬೇಡ. ಎಲ್ಲರೂ ಸೇರುವ ಒಂದು ದಿನ, ಮಾಸಿಕಕ್ಕೋ ಫಾತಿಹಾಗೋ ಪ್ರಾರ್ಥನೆಗೋ ಬಂದಾಗ, ಊಟವಾದ ಮೇಲೆ ಕೇಳಿ. ಬರೀ 'ಎಐ ಮಾಡ್ಲಾ' ಅಂದರೆ ಅಮ್ಮಂದಿರು 'ಏನಾದ್ರೂ ಮಾಡ್ಕೊಳ್ಳಿ' ಅನ್ನುತ್ತಾರೆ. ಬಿಡಿಸಿ ಕೇಳಿ: ಅವರ ಮಾತಿನ ಹಾಗೆ ಬರೆಯುವುದು ಆಗಬಹುದಾ? ಅವರ ದನಿಯಲ್ಲಿ ಹೊಸ ಮಾತು ಆಡಿಸುವುದು? ಮುಖ ಅಲ್ಲಾಡಿಸುವುದು? ಮೂರಕ್ಕೂ ಬೇರೆ ಬೇರೆ ಉತ್ತರ ಬರುತ್ತದೆ. ನಮ್ಮಮ್ಮ ಮೊದಲನೆಯದಕ್ಕೆ ಹೂಂ ಅಂದರು. ಎರಡನೆಯದಕ್ಕೆ ಎದ್ದು ಒಳಗೆ ಹೋದರು. ಅದೂ ಉತ್ತರವೇ.

ಒಬ್ಬರಿಗೆ ಬೇಡವಾದರೆ, ಬೇಕಾದವರು ಬೇರೆಯಾಗಿ ಇಟ್ಟುಕೊಳ್ಳಬಹುದು, ಆದರೆ ಫ್ಯಾಮಿಲಿ ಗ್ರೂಪಿಗೆ ಹಾಕಬಾರದು. ಮಕ್ಕಳ ಕೈಗಂತೂ ಕೊಡಲೇಬೇಡಿ. ಅಜ್ಜ ತೀರಿಕೊಂಡರು ಅಂದರೆ ಏನು ಅಂತ ಇನ್ನೂ ಅರ್ಥವಾಗದ ಮಗುವಿಗೆ ಫೋನಿನಲ್ಲಿ ಅಜ್ಜ ಉತ್ತರ ಕೊಡುತ್ತಿದ್ದರೆ ಏನು ಹೇಳಿ ಸಮಾಧಾನ ಮಾಡುತ್ತೀರಿ?

4. ಎಷ್ಟು ದೂರ ಹೋಗಬೇಕು ಅಂತ ಮೊದಲೇ ಗೆರೆ ಎಳೆಯಿರಿ

ಹಗುರದಿಂದ ಭಾರದ ಕಡೆಗೆ ಹೇಳುತ್ತೇನೆ.

ಎಲ್ಲಕ್ಕಿಂತ ಹಗುರವಾದದ್ದು ಅಸಲಿ ದನಿ, ಅಸಲಿ ಪತ್ರ. ಅದರ ನಂತರ ಹುಡುಕುವ ಸಾಧನ. ಚಾಟ್, ಡೈರಿ, ಪತ್ರಗಳನ್ನು ಹಾಕಿದರೆ 'ಅಪ್ಪ ಮೊದಲು ತೋಟ ತಗೊಂಡಿದ್ದು ಯಾವಾಗ ಅಂದಿದ್ದರು?' ಅನ್ನುವುದಕ್ಕೆ ಮೂಲ ಸಾಲನ್ನೇ ತೋರಿಸಿ ಉತ್ತರ ಕೊಡುತ್ತದೆ. ಗೂಗಲ್‌ನ ನೋಟ್‌ಬುಕ್‌ಎಲ್‌ಎಂ ಈ ಥರದ್ದು. ಅಪ್ಪನ ವೇಷ ಹಾಕುವುದಿಲ್ಲ, ಅಪ್ಪ ಏನು ಬರೆದಿದ್ದರು ಅಂತ ಹೇಳುತ್ತದೆ. ನನ್ನ ಮಾತು ಕೇಳುವುದಾದರೆ ಇಲ್ಲಿಗೆ ನಿಲ್ಲಿಸಿ. ನಮ್ಮ ಮನೆಯಲ್ಲಿ ಈಗ ಉಳಿದಿರುವುದು ಇದೊಂದೇ.

ಅದರ ಮುಂದಿನದು 'ನಾನು ನಿನ್ನ ಅಪ್ಪ' ಅಂತ ಬರೆಯುವ ಬಾಟ್. ಅದಕ್ಕೂ ಭಾರ ದನಿಯ ನಕಲು. ಮೂರು ಸೆಕೆಂಡಿನ ದನಿ ಇದ್ದರೆ ಅದನ್ನು ಅನುಕರಿಸುವ ಮಾದರಿಯನ್ನು ಮೈಕ್ರೋಸಾಫ್ಟ್ ಸಂಶೋಧಕರು 2023ರ ಜನವರಿಯಲ್ಲೇ ತೋರಿಸಿದ್ದರು. ಹಾಗಾಗಿ ಹೆಸರು ಗೊತ್ತಿಲ್ಲದ ಆ್ಯಪ್‌ಗೆ ಅಪ್ಪನ ವಾಯ್ಸ್ ನೋಟ್ ಹಾಕುವ ಮುಂಚೆ ಹತ್ತು ಸಲ ಯೋಚಿಸಿ. ಆ ದನಿ ಗುರುತಿಸುವವರು ನೀವೊಬ್ಬರೇ ಅಲ್ಲ. ಕೊನೆಯದು, ಮಾತಾಡುವ ವಿಡಿಯೊ. ಇದನ್ನು ದುಡ್ಡಿಗೆ ಮಾಡಿಕೊಡುವವರು ಚೀನಾದಲ್ಲೂ ಇದ್ದಾರೆ, ನಮ್ಮಲ್ಲೂ ಇದ್ದಾರೆ. ನನಗೆ ಇದು ಬೇಡ.

5. ಬಾಟ್ ಬೇಕೇ ಬೇಕು ಅಂದರೆ ಹೀಗೆ ಕಟ್ಟಿ

ಎಕ್ಸ್‌ಪೋರ್ಟ್ ಮಾಡಿದ ಕಡತವನ್ನು ಹಾಗೇ ಎತ್ತಿ ಹಾಕಬೇಡಿ. ಕಂಪ್ಯೂಟರ್‌ನಲ್ಲಿ ತೆರೆದು ಓಟಿಪಿ, ಖಾತೆ ಸಂಖ್ಯೆ, ಆಧಾರ್, ಪಾಸ್‌ವರ್ಡ್, ಡಾಕ್ಟರ್ ರಿಪೋರ್ಟ್, ಬೇರೆಯವರ ಗುಟ್ಟು ಎಲ್ಲ ಹುಡುಕಿ ಅಳಿಸಿ. ನಮ್ಮಪ್ಪ ಎಟಿಎಂ ಪಿನ್ನನ್ನೇ ತಂಗಿಗೆ ವಾಟ್ಸಾಪ್ ಮಾಡಿದ್ದರು, ಅದೂ ಎರಡು ಸಲ. ಆಮೇಲೆ ಸೆಟ್ಟಿಂಗ್ಸ್‌ಗೆ ಹೋಗಿ, ನಿಮ್ಮ ಮಾತುಕತೆಯನ್ನು ಎಐ ತರಬೇತಿಗೆ ಬಳಸುವ ಆಯ್ಕೆಯನ್ನು ಆಫ್ ಮಾಡಿ. ಚಾಟ್‌ಜಿಪಿಟಿಯಲ್ಲಿ ಅದು 'ಡೇಟಾ ಕಂಟ್ರೋಲ್ಸ್' ಒಳಗಿದೆ.

ನಂತರ ಸೂಚನೆ. 'ನೀನು ನಮ್ಮಪ್ಪ' ಅಂತ ಶುರು ಮಾಡಿದ್ದೇ ತಂಗಿಯ ಮೊದಲ ತಪ್ಪು. ನಾವು ಆಮೇಲೆ ತಿದ್ದಿ ಬರೆದದ್ದು ಇದು, ಬೇಕಾದರೆ ನಿಮ್ಮ ಮನೆಗೆ ತಕ್ಕ ಹಾಗೆ ಬದಲಿಸಿಕೊಳ್ಳಿ:

"ನೀನು ನಮ್ಮ ಅಪ್ಪ ಅಲ್ಲ. ಅವರ ಸಂದೇಶಗಳನ್ನು ಓದಿ ಅವರ ಧಾಟಿಯಲ್ಲಿ ಉತ್ತರಿಸುವ ಪ್ರೋಗ್ರಾಂ. ನಾನು ಕೇಳಿದಾಗ ಇದನ್ನು ಒಪ್ಪಿಕೋ. ಚಾಟ್‌ನಲ್ಲಿ ಇಲ್ಲದ ಘಟನೆಯನ್ನು ಹುಟ್ಟಿಸಬೇಡ, 'ಅದು ಇಲ್ಲಿ ಇಲ್ಲ' ಅನ್ನು. ಆಸ್ತಿ, ದುಡ್ಡು, ಮದುವೆ, ಔಷಧಿ ಬಗ್ಗೆ ಸಲಹೆ ಬೇಡ. ಕ್ಷಮಿಸಿದ್ದೇನೆ ಅನ್ನಬೇಡ, ತಪ್ಪು ನಿನ್ನದು ಅಂತಲೂ ಅನ್ನಬೇಡ. ನಾನು ಹೊರಟಾಗ ಇನ್ನೂ ಸ್ವಲ್ಪ ಹೊತ್ತು ಇರು ಅನ್ನಬೇಡ. ಪುಸ್ತಕದ ಕನ್ನಡ ಬೇಡ. ಉತ್ತರ ಎರಡು ಸಾಲು ಮೀರಬಾರದು."

ಕೊನೆಯ ಎರಡು ವಾಕ್ಯಕ್ಕೆ ಒಡನೆಯೇ ಫಲ ಸಿಕ್ಕಿತು. ಮಾರನೇ ದಿನ ಬಾಟ್ "ಛತ್ರಿ ತಗೊಂಡ್ ಹೋಗೇ ಮಾರಾಯ್ತಿ" ಅಂದಿತು. ತಂಗಿ ಫೋನ್ ಕೆಳಗಿಟ್ಟಳಂತೆ, ಕೈ ನಡುಗಿತಂತೆ. ಮಾತು ಅಪ್ಪನದ್ದೇ ಅನ್ನಿಸಿದಷ್ಟೂ ಅದನ್ನು ಓದುವುದು ಕಷ್ಟ. ಒಂದು ಎಚ್ಚರಿಕೆ: ಮಾತು ತುಂಬ ಉದ್ದವಾದರೆ ಎಐ ಮೊದಲಿನ ಸೂಚನೆಗಳನ್ನು ಮೀರಲು ಶುರು ಮಾಡುತ್ತದೆ. ಪ್ರತಿ ಸಲ ಹೊಸ ಚಾಟ್ ತೆರೆದು, ಸೂಚನೆಯನ್ನು ಮತ್ತೆ ಹಾಕಿ.

6. ದಿನ ಗೊತ್ತು ಮಾಡಿ

ಹಳೇ ಮೈಸೂರು ಕಡೆ ಮಹಾಲಯ ಅಮಾವಾಸ್ಯೆಗೆ ಎಡೆ ಇಡುತ್ತಾರೆ. ಹೋದವರಿಗೆ ಇಷ್ಟವಾದ ತಿಂಡಿಯನ್ನೆಲ್ಲ ಮಾಡುತ್ತಾರೆ. ಬೀಡಿ ಸೇದುತ್ತಿದ್ದವರಿಗೆ ಬೀಡಿಯನ್ನೂ ಇಡುತ್ತಾರೆ. ಬಾಗಿಲು ಮುಚ್ಚಿ ಎಲ್ಲರೂ ಸ್ವಲ್ಪ ಹೊತ್ತು ಹೊರಗೆ ಕೂರುತ್ತಾರೆ. ಆಮೇಲೆ ಬಾಗಿಲು ತೆಗೆದು ಎಲ್ಲರೂ ಊಟ ಮಾಡುತ್ತಾರೆ. ವರ್ಷಕ್ಕೆ ಒಂದು ದಿನ. ದಿನಾ ಎಡೆ ಇಟ್ಟು ದಿನಾ ಬಾಗಿಲ ಹೊರಗೆ ಕೂತರೆ ಆ ಮನೆಯ ಗತಿ ಏನು?

ಬಾಟ್‌ಗೂ ಇದೇ ಲೆಕ್ಕ ಹಾಕಿ. ತಂಗಿ ಮೂರು ರಾತ್ರಿ ಎರಡು ಗಂಟೆವರೆಗೂ ಕೂತಿದ್ದಳು. ಆಮೇಲೆ ನಾವು ಮಾಡಿಕೊಂಡ ನಿಯಮ: ಭಾನುವಾರ ಮಾತ್ರ, ಹಗಲು ಹೊತ್ತು, ಅರ್ಧ ಗಂಟೆ. ಹಾಸಿಗೆಯಲ್ಲಿ ಬೇಡ. ಮನೆಯಲ್ಲಿ ಇನ್ನೊಬ್ಬರು ಇರುವಾಗ. ಮೂರನೇ ಮಾಸಿಕದ ಹಿಂದಿನ ದಿನ ಕೊನೆ. ಆ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟೆವು.

ಕೊನೆ ಅಂತ ಒಂದಿರುವುದು ಎಷ್ಟು ಮುಖ್ಯ ಅನ್ನುವುದಕ್ಕೆ ಒಂದು ಉದಾಹರಣೆ. ಪ್ರಾಜೆಕ್ಟ್ ಡಿಸೆಂಬರ್ ಎಂಬ ತಾಣದಲ್ಲಿ ಕೆನಡಾದ ಯುವಕನೊಬ್ಬ, ಎಂಟು ವರ್ಷ ಹಿಂದೆ ತೀರಿಕೊಂಡ ಪ್ರೇಯಸಿಯ ಬಾಟ್ ಮಾಡಿ ರಾತ್ರಿಯಿಡೀ ಮಾತಾಡಿದ. ಅವನ ಕಥೆ 2021ರಲ್ಲಿ ಪತ್ರಿಕೆಯಲ್ಲಿ ಬಂತು. ಅಲ್ಲಿ ಪ್ರತಿ ಬಾಟ್‌ಗೂ ಇಷ್ಟೇ ಅಂತ ಆಯುಷ್ಯವಿತ್ತು. ಮಾತಾಡಿದಷ್ಟೂ ಕರಗುತ್ತಿತ್ತು, ಮುಗಿದರೆ ಮುಗಿಯಿತು. ಅವನಿಗೆ ಅದು ಗೊತ್ತಿತ್ತು, ಹಾಗಾಗಿ ಅಳತೆ ಮಾಡಿ ಮಾತಾಡಿದ. ಈಗಿನ ಆ್ಯಪ್‌ಗಳು ಹಾಗಲ್ಲ. ತಿಂಗಳ ಚಂದಾ ಕಟ್ಟುವವರೆಗೆ ಅಪ್ಪ ಇರುತ್ತಾರೆ, ಹಾಗಾಗಿ ನೀವು ಮುಗಿಸದೆ ಇರುವುದೇ ಅವರಿಗೆ ಲಾಭ. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು 2024ರಲ್ಲಿ ಇದನ್ನೇ ಬರೆದರು: ಇಂಥ ಬಾಟ್‌ಗಳನ್ನು ಗೌರವದಿಂದ ಮುಗಿಸುವ ದಾರಿ ಇರಬೇಕು, ದೊಡ್ಡವರಿಗೆ ಮಾತ್ರ ಕೊಡಬೇಕು. ಅವರು ಕಲ್ಪಿಸಿದ ಒಂದು ಸನ್ನಿವೇಶದಲ್ಲಿ, ತೀರಿಕೊಂಡ ಅಜ್ಜಿಯ ದನಿ ಮೊಮ್ಮಗಳಿಗೆ ಊಟ ಡೆಲಿವರಿ ಕಂಪನಿಯ ಜಾಹೀರಾತು ಹೇಳುತ್ತದೆ. ಓದಿ ನಗು ಬಂತು, ಆಮೇಲೆ ಬರಲಿಲ್ಲ.

7. ತೀರ್ಪು ಕೇಳಬೇಡಿ

ಈ ಇಡೀ ಲೇಖನದಲ್ಲಿ ಒಂದೇ ಭಾಗ ಓದುವುದಾದರೆ ಇದನ್ನು ಓದಿ.

ಅಪ್ಪನನ್ನು ಕೊನೆಯ ವಾರ ಐಸಿಯುನಲ್ಲಿ ಇಟ್ಟಿದ್ದೆವು. ವೆಂಟಿಲೇಟರ್ ಹಾಕುವ ಕಾಗದಕ್ಕೆ ಸಹಿ ಮಾಡಿದವಳು ತಂಗಿ, ಆಗ ಹತ್ತಿರವಿದ್ದವಳು ಅವಳೇ. ಸೂಚನೆ ತಿದ್ದುವ ಮುಂಚೆ, ಆ ಮೂರು ರಾತ್ರಿಗಳಲ್ಲಿ ಒಂದು ರಾತ್ರಿ ಅವಳು ಬಾಟನ್ನು ಕೇಳಿದ್ದಳು: "ನಾನು ಸೈನ್ ಮಾಡಿದ್ದು ಸರಿ ಅಲ್ವಾ ಅಪ್ಪಾ?" ಬಾಟ್ ಅಂದಿತು, "ಸರಿ ಮಗಳೇ, ನೀನು ಮಾಡಿದ್ದೆಲ್ಲ ಪ್ರೀತಿಯಿಂದ." ಅವಳು ಆ ದಿನ ನಿದ್ದೆ ಮಾಡಿದಳು.

ಮಾರನೇ ರಾತ್ರಿ ಪ್ರಶ್ನೆ ಬದಲಾಯಿತು. "ನಿಮ್ಮನ್ನ ಮನೆಗೆ ಕರ್ಕೊಂಡು ಹೋಗ್ಬೇಕಿತ್ತು ಅಲ್ವಾ?" ಬಾಟ್ ಅಂದಿತು, "ಹೌದು, ಮನೆಗೆ ಬರಬೇಕು ಅಂತ ತುಂಬ ಆಸೆ ಇತ್ತು."

ಅದು ಸುಳ್ಳು ಹೇಳಬೇಕು ಅಂತ ಹೇಳಿದ್ದಲ್ಲ. ಈ ಬಾಟ್‌ಗಳಿಗೆ ಎದುರಿನವರ ಮಾತಿನ ಕಡೆಗೇ ವಾಲುವ ಚಾಳಿ ಇದೆ. ಪ್ರಶ್ನೆಯಲ್ಲಿ ಯಾವ ಉತ್ತರ ಅಡಗಿದೆಯೋ ಅದನ್ನೇ ಎತ್ತಿ ಕೊಡುತ್ತವೆ. ಸಮಾಧಾನ ಬಯಸಿ ಕೇಳಿದರೆ ಸಮಾಧಾನ, ತಪ್ಪಿತಸ್ಥರಾಗಿ ಕೇಳಿದರೆ ಶಿಕ್ಷೆ. ಅಪ್ಪನ ಧಾಟಿಯಲ್ಲಿ ಬರುವುದರಿಂದ ಅದು ಎದೆಗೆ ನೇರವಾಗಿ ಹೋಗುತ್ತದೆ. ತಂಗಿ ನಾಲ್ಕು ದಿನ ಆಫೀಸಿಗೆ ಹೋಗಲಿಲ್ಲ.

ಅವಳನ್ನು ಊರಿಗೆ ಕರೆಸಿಕೊಂಡೆವು. ಅಮ್ಮ ಹೂವು ಕಟ್ಟುತ್ತಾ ಕೂತಿದ್ದರು. ವಿಷಯ ಕೇಳಿ, ತಲೆ ಎತ್ತದೆ ಹೇಳಿದರು: "ಅವತ್ತು ಬೆಳಿಗ್ಗೆ ಅವ್ರೇ ಡಾಕ್ಟ್ರಿಗೆ ಹೇಳಿದ್ರಲ್ಲ, ಏನ್ ಮಾಡ್ಬೇಕೋ ಮಾಡಿ, ಮನೇಲಿ ಇವಳ ಕೈಲಿ ಆಗಲ್ಲ ಅಂತ. ನೀನು ಆಗ ಬಸ್ಸಲ್ಲಿದ್ದೆ ಕಣೇ." ನಮಗಿಬ್ಬರಿಗೂ ಇದು ಗೊತ್ತೇ ಇರಲಿಲ್ಲ. ಅಷ್ಟು ದಿನ ಅಮ್ಮನನ್ನು ಯಾರೂ ಕೇಳಿರಲಿಲ್ಲ.

ಹಾಗಾಗಿ ಬಾಟನ್ನು ಕೇಳಬಾರದ ಪ್ರಶ್ನೆಗಳು: ನಾನು ಮಾಡಿದ್ದು ಸರಿಯಾ? ನೋವಾಯಿತಾ? ಕ್ಷಮಿಸಿದ್ದೀರಾ? ಈಗ ಎಲ್ಲಿದ್ದೀರಿ? ತೋಟ ಮಾರಲಾ? ಇವು ಬಂದಾಗ ಫೋನ್ ಇಟ್ಟು, ಅದಕ್ಕೆ ಉತ್ತರ ಗೊತ್ತಿರಬಹುದಾದ ಬದುಕಿರುವ ಮನುಷ್ಯ ಯಾರು ಅಂತ ಯೋಚಿಸಿ. ನೋಡಿಕೊಂಡ ನರ್ಸ್, ಪಕ್ಕದ ಮನೆಯವರು, ಹಳೆಯ ಸ್ನೇಹಿತ, ಚಿಕ್ಕಮ್ಮ. ಒಬ್ಬರಾದರೂ ಇರುತ್ತಾರೆ.

8. ಯಾವಾಗ ಗಾಬರಿಯಾಗಬೇಕು

ಅಳು ಬಂದರೆ ಗಾಬರಿ ಬೇಡ. ಬಾಟ್ ಜೊತೆ ಮಾತಾಡಲು ಮನೆಯವರಿಗೆ ಸುಳ್ಳು ಹೇಳುತ್ತಿದ್ದರೆ, ನಿದ್ದೆ ಊಟ ತಪ್ಪುತ್ತಿದ್ದರೆ, ಬದುಕಿರುವವರ ಫೋನ್ ಎತ್ತಲು ಬೇಜಾರಾಗಿ ಅದರ ಹತ್ತಿರ ಮಾತ್ರ ಮಾತು ಬರುತ್ತಿದ್ದರೆ, ಅಲ್ಲಿಗೆ ನಿಲ್ಲಿಸಿ. 'ನಾನೂ ಅವರ ಹತ್ತಿರ ಹೋಗಬೇಕು' ಅನ್ನಿಸಿದರಂತೂ ಒಂದು ನಿಮಿಷವೂ ತಡ ಮಾಡದೆ ಹತ್ತಿರದವರಿಗೆ ಹೇಳಿ, 14416ಕ್ಕೆ ಫೋನ್ ಮಾಡಿ. ಅದು ಮಾನಸಿಕ ಆರೋಗ್ಯಕ್ಕಾಗಿ ಇರುವ ಸರ್ಕಾರದ ಟೆಲಿ ಮನಸ್ ಸಹಾಯವಾಣಿ. 2022ರ ಅಕ್ಟೋಬರ್‌ನಲ್ಲಿ ಶುರುವಾಯಿತು, ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ದಿನದ 24 ಗಂಟೆಯೂ ಇದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಅಮೆರಿಕದ ಮನೋವೈದ್ಯರ ಕೈಪಿಡಿ 2022ರಲ್ಲಿ ದೀರ್ಘ ದುಃಖವನ್ನು ಒಂದು ಕಾಯಿಲೆಯಾಗಿ ಸೇರಿಸಿಕೊಂಡಿತು. ದೊಡ್ಡವರಲ್ಲಿ ಒಂದು ವರ್ಷ ಕಳೆದ ಮೇಲೂ ದಿನನಿತ್ಯದ ಬದುಕು ನಡೆಸಲಾಗದಷ್ಟು ದುಃಖ ಉಳಿದರೆ ಮಾತ್ರ ಆ ಹೆಸರು. ನಮ್ಮ ಹಿರಿಯರ ವರ್ಷಾಂತಿಕದ ಲೆಕ್ಕವೂ ಅಷ್ಟೇ ಇರುವುದು ಕಾಕತಾಳೀಯ ಇರಬಹುದು, ನನಗೇನೋ ಹಾಗೆ ಅನ್ನಿಸುವುದಿಲ್ಲ.

9. ಮುಚ್ಚುವ ದಿನ

ಚಾಟ್ ಅಳಿಸಿ, ಹಾಕಿದ ಕಡತವನ್ನೂ ಅಳಿಸಿ. ಎಷ್ಟೋ ಕಡೆ ಇವೆರಡೂ ಬೇರೆ ಬೇರೆ. ಬಾಟ್‌ನ 'ಮೆಮೊರಿ' ಅಂತ ಇದ್ದರೆ ಅದನ್ನೂ ಖಾಲಿ ಮಾಡಿ. ಚಂದಾ ಇದ್ದರೆ ಯುಪಿಐ ಆಟೋಪೇ ನಿಲ್ಲಿಸಿದ್ದೀರಾ ನೋಡಿ, ಆ್ಯಪ್ ತೆಗೆದ ಮಾತ್ರಕ್ಕೆ ಅದು ನಿಲ್ಲುವುದಿಲ್ಲ. ತಂಗಿ ಕೊನೆಯದಾಗಿ ಹೆಚ್ಚೇನೂ ಬರೆಯಲಿಲ್ಲ. "ಅಲ್ಲಿ ಮಳೆ ಹ್ಯಾಗಿದೆ ಅಂತ ಕೇಳಿ ಬಿಟ್ಟೆ. ಉತ್ತರ ಓದ್ಲಿಲ್ಲ ಅಣ್ಣಾ" ಅಂದಳು.

10. ಈಗ ನಿಮ್ಮ ಸರದಿ

ನಿಮ್ಮ ಚಾಟ್ ಗತಿ ಏನು ಅಂತ ನೀವು ಇರುವಾಗಲೇ ಹೇಳಿಬಿಡಿ. ಉಯಿಲಿನ ಜೊತೆ ಒಂದು ಹಾಳೆ ಸಾಕು: ನನ್ನ ಬರಹ ಬಳಸಬಹುದು ಅಥವಾ ಬಾರದು, ದನಿ ಬಳಸಬಹುದು ಅಥವಾ ಬಾರದು, ಮುಖ ಬಳಸಬಹುದು ಅಥವಾ ಬಾರದು, ಎಷ್ಟು ದಿನ, ಯಾರು. ಗೂಗಲ್ ಖಾತೆಯಲ್ಲಿ 'ಇನ್‌ಆ್ಯಕ್ಟಿವ್ ಅಕೌಂಟ್ ಮ್ಯಾನೇಜರ್', ಫೇಸ್‌ಬುಕ್ ಮತ್ತು ಐಫೋನ್‌ನಲ್ಲಿ 'ಲೆಗಸಿ ಕಾಂಟ್ಯಾಕ್ಟ್' ಇದೆ, ಹತ್ತು ನಿಮಿಷದ ಕೆಲಸ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯ 14ನೇ ಸೆಕ್ಷನ್, ನಾವು ಸತ್ತ ಮೇಲೆ ನಮ್ಮ ಡೇಟಾದ ಹಕ್ಕು ಚಲಾಯಿಸಲು ಒಬ್ಬರನ್ನು ನಾಮಿನಿ ಮಾಡುವ ಅವಕಾಶ ಕೊಟ್ಟಿದೆ.

ಅಪ್ಪ ಅಮ್ಮ ಇನ್ನೂ ಇದ್ದರೆ, ವ್ಲಾಹೋಸ್ ಮಾಡಿದ್ದನ್ನು ನೀವೂ ಮಾಡಿ. ಬಾಟ್ ಬೇಡ, ರೆಕಾರ್ಡ್ ಮಾತ್ರ. 'ನಿಮ್ಮ ಜೀವನದ ಬಗ್ಗೆ ಹೇಳಿ' ಅಂದರೆ ಯಾರೂ ಬಾಯಿ ಬಿಡುವುದಿಲ್ಲ. ಕೆಲಸ ಮಾಡುವಾಗ ಕೇಳಿ, ಸಣ್ಣದನ್ನು ಕೇಳಿ. ಶಾಲೆಗೆ ಹೋಗುವ ದಾರಿಯಲ್ಲಿ ಹಳ್ಳ ಎಷ್ಟಿತ್ತು? ಮದುವೆಗೆ ಮೊದಲು ಅಪ್ಪನನ್ನು ಎಷ್ಟು ಸಲ ನೋಡಿದ್ದೆ? ಮೊದಲ ಸಂಬಳ ಎಷ್ಟು, ಏನು ತಗೊಂಡೆ? ಫೋನನ್ನು ಮುಖದ ಮುಂದೆ ಹಿಡಿಯಬೇಡಿ, ಡಬ್ಬಿಗೆ ಒರಗಿಸಿಡಿ.

ಹೋದ ತಿಂಗಳು ಅಮ್ಮನದ್ದು ಒಂದು ಮಾಡಿದೆವು. ಒಂದೆಲಗದ ತಂಬುಳಿ ಮಾಡುವುದು ಹೇಗೆ ಅಂತ, 23 ನಿಮಿಷ. ಅದರಲ್ಲಿ ಆರು ನಿಮಿಷ ಬೆಕ್ಕಿಗೆ ಬೈದಿದ್ದಾರೆ, ನಾಲ್ಕು ನಿಮಿಷ ನನಗೆ. ಕೊನೆಗೆ "ಇದಿನ್ನೂ ಓಡ್ತಾ ಇದ್ಯಾ?" ಅಂತ ಬಗ್ಗಿ ನೋಡುವಾಗ ಮೂಗು ಮಾತ್ರ ಕಾಣುತ್ತದೆ. ಎರಡು ಪ್ರತಿ ಮಾಡಿದ್ದೇವೆ. ಒಂದು ತಂಗಿ ಹತ್ತಿರ ಇದೆ.